ಲ್ಯುಕೇಮಿಯಾದಲ್ಲಿ ಮೈಕ್ರೋಆರ್‌ಎನ್‌ಎಗಳ ಪಾತ್ರ

ಮೈಕ್ರೋಆರ್‌ಎನ್‌ಎಗಳು ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದವಿರುವ, ಪ್ರೋಟೀನ್ ಸಂಕೇತವನ್ನು ಹೊಂದಿರದ ಆರ್‌ಎನ್‌ಎ ಅಣುಗಳು. ಇವು ಜೀನ್‌ಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುತ್ತವೆ. ರಕ್ತವನ್ನು ಉತ್ಪಾದಿಸುವ ಜೀವಕೋಶಗಳ ಕ್ಯಾನ್ಸರ್ ಆದ ಲ್ಯುಕೇಮಿಯಾದಲ್ಲಿ ಇವುಗಳ ಪ್ರಮಾಣವು ಏರುಪೇರಾಗುತ್ತದೆ. ಆದ್ದರಿಂದ ರೋಗದ ಉಗಮ, ವರ್ಗೀಕರಣ ಹಾಗೂ ಮುನ್ಸೂಚನೆಯ ಅಧ್ಯಯನದಲ್ಲಿ ಇವು ಪ್ರಮುಖ ಸ್ಥಾನವನ್ನು ಪಡೆದಿವೆ.

ಹಿನ್ನೆಲೆ

ಮೊದಲ ಮೈಕ್ರೋಆರ್‌ಎನ್‌ಎಯನ್ನು 1993ರಲ್ಲಿ ಸಿ. ಎಲೆಗನ್ಸ್ ಎಂಬ ದುಂಡುಹುಳುವಿನಲ್ಲಿ ಗುರುತಿಸಲಾಯಿತು. ಈ ಸಂಶೋಧನೆಗಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಮೈಕ್ರೋಆರ್‌ಎನ್‌ಎಯು ತನಗೆ ಹೊಂದಿಕೆಯಾಗುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ ಅಥವಾ ಆ ಸಂದೇಶವೇ ನಾಶವಾಗುವಂತೆ ಮಾಡುತ್ತದೆ. ಒಂದೇ ಮೈಕ್ರೋಆರ್‌ಎನ್‌ಎಯು ಅನೇಕ ಜೀನ್‌ಗಳನ್ನು ನಿಯಂತ್ರಿಸಬಲ್ಲದು. ಕ್ಯಾನ್ಸರ್ ಬೆಳವಣಿಗೆಗೆ ನೆರವಾಗುವ ಜೀನನ್ನು ಅಡಗಿಸುವ ಮೈಕ್ರೋಆರ್‌ಎನ್‌ಎ ನಷ್ಟವಾದರೆ ರೋಗಕ್ಕೆ ದಾರಿಯಾಗುತ್ತದೆ. ಕ್ಯಾನ್ಸರನ್ನು ತಡೆಯುವ ಜೀನನ್ನು ಅಡಗಿಸುವ ಮೈಕ್ರೋಆರ್‌ಎನ್‌ಎ ಅತಿಯಾದರೂ ಅದೇ ಪರಿಣಾಮ ಉಂಟಾಗುತ್ತದೆ.

ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ

ಮೈಕ್ರೋಆರ್‌ಎನ್‌ಎ ಮತ್ತು ಕ್ಯಾನ್ಸರ್ ನಡುವಿನ ಸಂಬಂಧವು ಮೊದಲು ಸ್ಪಷ್ಟವಾದದ್ದು ಈ ರೋಗದಲ್ಲಿ. ಅರ್ಧಕ್ಕಿಂತ ಹೆಚ್ಚು ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ 13ನೆಯ ವರ್ಣತಂತುವಿನ ಒಂದು ಭಾಗ ಕಳೆದುಹೋಗಿರುತ್ತದೆ. ಆ ಭಾಗದಲ್ಲಿ ಹೊಣೆಗಾರ ಜೀನನ್ನು ಹುಡುಕುವ ಪ್ರಯತ್ನಗಳು ಬಹುಕಾಲ ಫಲಿಸಿರಲಿಲ್ಲ. 2002ರಲ್ಲಿ ಕಾರ್ಲೊ ಕ್ರೋಚೆ ಅವರ ತಂಡವು ಅಲ್ಲಿ ಮಿರ್-15ಎ ಮತ್ತು ಮಿರ್-16-1 ಎಂಬ ಎರಡು ಮೈಕ್ರೋಆರ್‌ಎನ್‌ಎಗಳಿರುವುದನ್ನು ತೋರಿಸಿತು. ಇವು ಬಿಸಿಎಲ್2 ಎಂಬ ಪ್ರೋಟೀನನ್ನು ಹತೋಟಿಯಲ್ಲಿಡುತ್ತವೆ ಎಂಬುದು 2005ರಲ್ಲಿ ತಿಳಿಯಿತು. ಬಿಸಿಎಲ್2 ಜೀವಕೋಶದ ಸಹಜ ಸಾವನ್ನು ತಡೆಯುವುದರಿಂದ, ಅದು ಹೆಚ್ಚಾದಾಗ ಸಾಯಬೇಕಾದ ಲಿಂಫೋಸೈಟ್‌ಗಳು ಉಳಿದು ರಕ್ತದಲ್ಲಿ ಶೇಖರಗೊಳ್ಳುತ್ತವೆ. ಇದೇ ಪ್ರೋಟೀನನ್ನು ನಿರ್ಬಂಧಿಸುವ ವೆನೆಟೊಕ್ಲಾಕ್ಸ್ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.

ತೀವ್ರ ಲ್ಯುಕೇಮಿಯಾಗಳು

ಮಿರ್-155 ಅತಿಯಾಗಿ ಉತ್ಪತ್ತಿಯಾಗುವಂತೆ ಮಾಡಿದ ಇಲಿಗಳಲ್ಲಿ ಬಿ-ಕೋಶಗಳ ಕ್ಯಾನ್ಸರ್ ಕಾಣಿಸಿಕೊಂಡಿದೆ. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಮಿರ್-128 ಹೆಚ್ಚಾಗಿಯೂ, ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಮಿರ್-223 ಹೆಚ್ಚಾಗಿಯೂ ಇರುವುದರಿಂದ, ಇವು ಎರಡೂ ರೋಗಗಳನ್ನು ಪ್ರತ್ಯೇಕಿಸಲು ನೆರವಾಗಬಲ್ಲವು.

ಮುನ್ಸೂಚನೆ

ವರ್ಣತಂತುಗಳು ಸಹಜವಾಗಿ ತೋರುವ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಮುನ್ಸೂಚನೆ ಕಷ್ಟ. ಇಂತಹ ರೋಗಿಗಳಲ್ಲಿ ಅಧಿಕ ಮಿರ್-155 ಪ್ರತಿಕೂಲ ಫಲಿತಾಂಶದೊಂದಿಗೂ, ಅಧಿಕ ಮಿರ್-181ಎ ಅನುಕೂಲಕರ ಫಲಿತಾಂಶದೊಂದಿಗೂ ಸಂಬಂಧ ಹೊಂದಿದೆ. ಆದರೆ ರೋಗವನ್ನು ಆರಂಭಿಸುವ ಬದಲಾವಣೆಯೇ ಅದರ ತೀವ್ರತೆಯನ್ನು ನಿರ್ಧರಿಸುತ್ತದೆ ಎನ್ನಲಾಗದು. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ 13ನೆಯ ವರ್ಣತಂತುವಿನ ನಷ್ಟವೊಂದೇ ಇದ್ದರೆ ರೋಗವು ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ. ಪಿ53 ಪ್ರೋಟೀನಿನ ಜೀನ್ ಇರುವ 17ನೆಯ ವರ್ಣತಂತುವಿನ ಭಾಗವು ನಷ್ಟವಾದಾಗ ಮುನ್ಸೂಚನೆಯು ಗಂಭೀರವಾಗಿರುತ್ತದೆ.

ಚಿಕಿತ್ಸೆ ಮತ್ತು ಮಿತಿಗಳು

ನಷ್ಟವಾದ ಮೈಕ್ರೋಆರ್‌ಎನ್‌ಎಯನ್ನು ಕೃತಕವಾಗಿ ಪೂರೈಸುವುದು ಮತ್ತು ಅಧಿಕವಾದುದನ್ನು ತಡೆಯುವುದು ಚಿಕಿತ್ಸೆಯ ಎರಡು ಮಾರ್ಗಗಳು. ಮಿರ್-34ಎಯ ಕೃತಕ ರೂಪವನ್ನು ಕ್ಯಾನ್ಸರ್ ರೋಗಿಗಳಿಗೆ ನೀಡಿದ ಪ್ರಯೋಗವನ್ನು ಗಂಭೀರ ಪ್ರತಿರಕ್ಷಾ ಅಡ್ಡಪರಿಣಾಮಗಳ ಕಾರಣ 2016ರಲ್ಲಿ ನಿಲ್ಲಿಸಲಾಯಿತು. ಒಂದು ಅಣುವು ಅನೇಕ ಜೀನ್‌ಗಳ ಮೇಲೆ ಪ್ರಭಾವ ಬೀರುವುದು ಈ ವಿಧಾನದ ಮುಖ್ಯ ತೊಡಕು. ಲ್ಯುಕೇಮಿಯಾದ ಚಿಕಿತ್ಸಾ ನಿರ್ಧಾರಗಳು ಇಂದಿಗೂ ಪ್ರಧಾನವಾಗಿ ವರ್ಣತಂತು ಹಾಗೂ ಜೀನ್ ಪರೀಕ್ಷೆಗಳನ್ನೇ ಆಧರಿಸಿವೆ.