‘ಹಂದಿಗೆ’ ಎನ್ನಬಾರದ ಅಂಗಡಿ

ಚಳ್ಳಕೆರೆಯಲ್ಲಿ ಶೇಂಗಾ ಕೊಳ್ಳಲು ಹೋದವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಬೆಲೆ ಜಗ್ಗಿ, ಒಲ್ಲೆನೆಂದು ಎದ್ದು ಹೋಗಿ, ಹತ್ತು ಹೆಜ್ಜೆ ನಡೆದು ತಿರುಗಿ ಬರಬಹುದು. ಅಂಗಡಿಯಲ್ಲಿ ಕೇಳುವವನು ಗಿರಾಕಿ, ಉತ್ತರ ಹೇಳುವವನು ವ್ಯಾಪಾರಿ. ಕೋವಿ ಮತ್ತು ತೋಟಾ ಮಾರುವ ಅಂಗಡಿಯಲ್ಲಿ ಮಾತ್ರ ಈ ಪದ್ಧತಿ ತಿರುವುಮುರುವಾಗುತ್ತದೆ. ಅಲ್ಲಿ ಪ್ರಶ್ನೆ ಕೇಳುವವನು ಮೇಜಿನ ಆಚೆ ಕುಳಿತ ಗುಮಾಸ್ತ. ಹೆಸರೇನು, ಯಾವ ಊರು, ಲೈಸೆನ್ಸ್ ಎಲ್ಲಿ, ಹೋದ ಸಲ ಎಷ್ಟು ಒಯ್ದಿದ್ದೆ, ಈಗ ಯಾತಕ್ಕೆ ಬೇಕು? ದುಡ್ಡು ಕೊಡಲು ಬಂದವನು ಅಪರಾಧಿಯಂತೆ ನಿಂತು ಉತ್ತರ ಹೇಳಬೇಕು.

ಈ ಮುಜುಗರ ಯಾವ ಊರಿನವನಿಗೂ ತಪ್ಪಿದ್ದಲ್ಲ. ಆದರೆ ನನ್ನಿವಾಳದ ಕಡೆಯಿಂದ ಬಂದವನಿಗೆ ಅದು ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಈ ಊರು ಮ್ಯಾಸಬೇಡರ ಹಳೆಯ ನೆಲೆ. ಅವರ ಕಟ್ಟೆಮನೆಗಳಲ್ಲಿ ನನ್ನಿವಾಳದ ಹೆಸರು ದೊಡ್ಡದು. ಮೊಳಕಾಲ್ಮೂರಿನವರೆಗೂ ಹಬ್ಬಿರುವ ಇವರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಸಾಕುತ್ತಾರೆ, ಅವುಗಳನ್ನು ಕಾಯಲು ಕಿಲಾರಿಯಿದ್ದಾನೆ. ಕೋಳಿಯನ್ನು ಸಾಂಪ್ರದಾಯಿಕರು ಮುಟ್ಟುವುದಿಲ್ಲ. ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಬಗ್ಗೆ 1909ರಲ್ಲಿ ಸಂಪುಟಗಳನ್ನು ಹೊರತಂದ ಥರ್ಸ್ಟನ್ ಕೂಡ ಈ ಕೋಳಿಯ ನಿಷೇಧವನ್ನು ಗುರುತಿಸಿದ್ದಾನೆ. ದನ ಕಾಯುವುದು ಒಂದು ಕಸುಬಾದರೆ ಬೇಟೆ ಇನ್ನೊಂದು. ಬೇಡ ಎಂಬ ಮಾತಿನ ಅರ್ಥವೇ ಬೇಟೆಗಾರ. ‘ಯಾತಕ್ಕೆ ಬೇಕು?’ ಎಂಬ ಪ್ರಶ್ನೆಗೆ ಅವನ ಜಾತಿಯ ಹೆಸರೇ ಉತ್ತರವಾಗಿತ್ತು. ಈಗ ಅದೊಂದು ಉತ್ತರವನ್ನು ಮಾತ್ರ ಅವನು ಕೊಡುವಂತಿಲ್ಲ.

ಬೇಡರಿಗೂ ಕೋವಿಗೂ ಇರುವ ನಂಟು ಕೇವಲ ಕಾಡಿನದಲ್ಲ. ಚಿತ್ರದುರ್ಗದ ಪಾಳೆಯಗಾರರ ಬಲವೇ ಬೇಡರ ಪಡೆ. 1779ರಲ್ಲಿ ಹೈದರ್ ಅಲಿ ದುರ್ಗವನ್ನು ಹಿಡಿದಾಗ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ಅವರ ಹುಡುಗರನ್ನು ಸೇರಿಸಿ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಮೈಸೂರಿನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಆಯುಧಕ್ಕೆ ಅಪ್ಪಣೆ ಬೇಕು ಎಂಬ ಕಟ್ಟಳೆ ಬಂದದ್ದು ಅದಾದ ಮೇಲೆ, ಕಂಪನಿ ಸರ್ಕಾರದ ಕಾಲದಲ್ಲಿ. 1857ರ ದಂಗೆಯ ಭಯದಲ್ಲಿ ಜನರು ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಹೊರಟಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಹಲಗಲಿಗೆ ನುಗ್ಗಿತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಕಥೆಯ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ. ಇಂದು ಅದನ್ನು ಶಾಲೆಯ ಮಕ್ಕಳೂ ಓದುತ್ತಾರೆ. ಹಲಗಲಿಗೂ ನನ್ನಿವಾಳಕ್ಕೂ ದೂರ ಬಹಳ. ಆದರೆ ಬೇಡನಾದವನು ಆಯುಧ ಇಟ್ಟುಕೊಳ್ಳಲು ಇನ್ನೊಬ್ಬನ ಅನುಮತಿ ಕೇಳಬೇಕೇ ಎಂಬ ಪ್ರಶ್ನೆ ಎರಡು ಕಡೆಗೂ ಒಂದೇ.

ಕೊಡಗಿನ ಕಥೆ ಇದಕ್ಕೆ ತದ್ವಿರುದ್ಧ. ಹಲಗಲಿಯ ಘಟನೆ ನಡೆದು ನಾಲ್ಕು ವರ್ಷ ತುಂಬುವ ಮೊದಲೇ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಹೊಗಳಿ ಅವರನ್ನು ಆಯುಧ ಕಾನೂನಿನಿಂದ ಹೊರಗಿಟ್ಟ. ಸ್ವತಂತ್ರ ಭಾರತದಲ್ಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಒಂದೇ ರಾಜ್ಯದಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವು ಮುಡಿಸಿ ಪೂಜೆ ಮಾಡುವ ಮನೆಗಳಿವೆ; ಅದೇ ಕೋವಿಯನ್ನು ಲೈಸೆನ್ಸಿನ ಪುಸ್ತಕದೊಂದಿಗೆ ಮಾತ್ರ ಹೊರತೆಗೆಯಬಹುದಾದ ಮನೆಗಳೂ ಇವೆ. ನಿಷ್ಠೆಗೆ ಬಹುಮಾನ, ಪ್ರತಿಭಟನೆಗೆ ನೇಣು ಎಂದು ಆಗ ಹಾಕಿದ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆದಂತಿಲ್ಲ.

ಈಗ ಜಾರಿಯಲ್ಲಿರುವುದು 1959ರ ಆಯುಧ ಕಾಯ್ದೆ. ಬ್ರಿಟಿಷರ 1878ರ ಕಾಯ್ದೆಯನ್ನು ತೆಗೆದು ಇದನ್ನು ತಂದಾಗ ರೈತನ ಕಡೆಗೂ ಒಂದಿಷ್ಟು ಗಮನ ಕೊಡಲಾಯಿತು. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕೆನ್ನುವವನಿಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಕೋವಿಗೂ ಕೊಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಹಳ್ಳಿಯಲ್ಲಿ ಕಾಣುವ ಲೈಸೆನ್ಸ್ ಕೋವಿಗಳಲ್ಲಿ ಈ ಲೆಕ್ಕದವು ಬಹಳ.

ಲೈಸೆನ್ಸಿನಲ್ಲಿ ಕೋವಿಯ ವಿವರದ ಜೊತೆಗೆ ಇನ್ನೆರಡು ಅಂಕಿಗಳಿರುತ್ತವೆ. ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಒಟ್ಟು ಎಷ್ಟು ಕೊಳ್ಳಬಹುದು ಎಂಬುದು. ಪ್ರತಿ ಖರೀದಿಯನ್ನೂ ಅಂಗಡಿಯವನು ತನ್ನ ವಹಿಯಲ್ಲೂ ಗಿರಾಕಿಯ ಲೈಸೆನ್ಸಿನಲ್ಲೂ ಬರೆಯಬೇಕು. ಆ ವಹಿಯನ್ನು ಅಧಿಕಾರಿಗಳು ಬಂದು ತಪಾಸಣೆ ಮಾಡುತ್ತಾರೆ. ಕಿರಾಣಿ ಅಂಗಡಿಯಲ್ಲಿ ಒಂದು ಸೋಪು ಲೆಕ್ಕಕ್ಕೆ ಸಿಗದಿದ್ದರೆ ಇಲಿ ಒಯ್ದಿತೆನ್ನಬಹುದು. ಒಂದು ತೋಟಾ ಲೆಕ್ಕ ತಪ್ಪಿದರೆ ಹಾಗೆನ್ನಲಾಗದು. ಅಂಗಡಿಯ ಲೈಸೆನ್ಸಿಗೇ ಕುತ್ತು. ಗುಮಾಸ್ತನ ಮುಖ ಗಂಟಿಕ್ಕಿರುವುದಕ್ಕೆ ಸ್ವಭಾವವೊಂದೇ ಕಾರಣವಲ್ಲ.

ಕಾಯ್ದೆ ಅವನ ಮೇಲೆ ಇದಕ್ಕಿಂತ ಕಠಿಣವಾದ ಒಂದು ಹೊಣೆಯನ್ನೂ ಹೊರಿಸಿದೆ. ಅದರ 9ನೇ ಕಲಮಿನ ಪ್ರಕಾರ 21 ವರ್ಷ ತುಂಬದವನಿಗೆ, ಹಿಂಸೆಯ ಅಪರಾಧದಲ್ಲಿ ಶಿಕ್ಷೆಯಾಗಿ ಐದು ವರ್ಷ ಕಳೆಯದವನಿಗೆ, ಶಾಂತಿ ಕಾಪಾಡುವೆನೆಂದು ಮುಚ್ಚಳಿಕೆ ಬರೆದುಕೊಟ್ಟು ಅದರ ಅವಧಿ ಮುಗಿಯದವನಿಗೆ ಮಾರಬಾರದು. ಇವೆಲ್ಲ ಕಾಗದ ನೋಡಿ ತಿಳಿಯಬಹುದಾದವು. ಮಾರುವ ಹೊತ್ತಿನಲ್ಲಿ ಎದುರಿಗಿರುವವನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಗೊತ್ತಿದ್ದರೆ ಅಥವಾ ಹಾಗೆ ನಂಬಲು ಕಾರಣವಿದ್ದರೆ ಆಗಲೂ ಮಾರಬಾರದು ಎಂಬುದು ಕೊನೆಯ ಷರತ್ತು. ಇದಕ್ಕೆ ಯಾವ ಕಾಗದವೂ ಇಲ್ಲ. ತಿಂಗಳ ಸಂಬಳಕ್ಕೆ ಕುಳಿತ ಗುಮಾಸ್ತ ಐದೇ ನಿಮಿಷದಲ್ಲಿ ವೈದ್ಯನೂ ನ್ಯಾಯಾಧೀಶನೂ ಆಗಬೇಕು. ಅದಕ್ಕೆ ಅವನಿಗಿರುವ ಉಪಾಯ ಒಂದೇ, ಮಾತಿಗೆಳೆಯುವುದು. ಮಳೆ ಹೇಗೆ, ಬೆಳೆ ಹೇಗೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ? ಗಿರಾಕಿಗೆ ಇದು ಅನಗತ್ಯ ಕೆದಕಾಟವಾಗಿ ಕಾಣುತ್ತದೆ. ಅಣ್ಣತಮ್ಮಂದಿರ ಜಮೀನು ಜಗಳ ತಲೆಯಲ್ಲಿಟ್ಟುಕೊಂಡು ಬಂದವನು ಇಂಥ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಏನಾದರೂ ಸುಳಿವು ಸಿಕ್ಕೀತು ಎಂಬುದು ಗುಮಾಸ್ತನ ನಂಬಿಕೆ. ಎಲ್ಲರೂ ಇಷ್ಟು ಎಚ್ಚರ ವಹಿಸುತ್ತಾರೆಂದಲ್ಲ. ವಹಿಸುವವರು ಒರಟರೆನಿಸಿಕೊಳ್ಳುತ್ತಾರೆ.

ಹಳ್ಳಿಯ ಸಹಜ ರೂಢಿಗಳೂ ಈ ಅಂಗಡಿಯಲ್ಲಿ ನಡೆಯುವುದಿಲ್ಲ. ಗೊಬ್ಬರ, ಎಣ್ಣೆ, ಔಷಧಿ ತರಲು ಪೇಟೆಗೆ ಹೊರಟ ಮಗನ ಕೈಗೆ ಚೀಟಿ ಕೊಟ್ಟು ಕಳಿಸುವುದು ವಾಡಿಕೆ. ಅಪ್ಪನ ಲೈಸೆನ್ಸ್ ಹಿಡಿದು ಬಂದ ಹುಡುಗನನ್ನು ತೋಟಾ ಅಂಗಡಿಯವನು ಬರಿಗೈಯಲ್ಲಿ ವಾಪಸು ಕಳಿಸಿದರೆ ಮನೆಯಲ್ಲಿ ಅದು ಅವಮಾನದ ಮಾತಾಗುತ್ತದೆ. ‘ನಮ್ಮನ್ನು ನಂಬಲಿಲ್ಲ’ ಎಂದು ಕೊರಗುತ್ತಾರೆ. ಲೈಸೆನ್ಸ್ ಇದ್ದವನು ತೀರಿಕೊಂಡಾಗಂತೂ ಕಷ್ಟ ಇನ್ನೂ ಹೆಚ್ಚು. ತಿಥಿ ಮುಗಿಸಿದ ಹೆಂಡತಿಯೋ ಮಗನೋ ಕೋವಿಯನ್ನೂ ಉಳಿದ ತೋಟಾಗಳನ್ನೂ ಪೊಲೀಸ್ ಠಾಣೆಗೋ ಅಂಗಡಿಗೋ ಒಪ್ಪಿಸಬೇಕು. ವಾರಸುದಾರನಿಗೆ ಹೊಸ ಲೈಸೆನ್ಸ್ ಸಿಗುವವರೆಗೆ ಅದನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಗೋಡೆಯ ಗೂಟದಲ್ಲಿ ಎರಡು ತಲೆಮಾರು ತೂಗಿದ ಕೋವಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದ ಮುದುಕಿಯನ್ನು ‘ಇದರ ಕಾಗದ ಎಲ್ಲಿ?’ ಎಂದು ಕೇಳುವುದು ಯಾವ ಗುಮಾಸ್ತನಿಗೂ ಸುಖದ ಕೆಲಸವಲ್ಲ.

ಇಷ್ಟಾದರೂ ಎಲ್ಲಕ್ಕಿಂತ ಇಕ್ಕಟ್ಟಿನದು ‘ಯಾತಕ್ಕೆ?’ ಎಂಬ ಆ ಒಂದು ಪ್ರಶ್ನೆ. ಅದನ್ನು ಅರಿಯಲು ತೋಟಾದ ಒಳಗೆ ಏನಿದೆ ಎಂದು ಸ್ವಲ್ಪ ತಿಳಿಯಬೇಕು. ಸಾಮಾನ್ಯ ಕೋವಿಯನ್ನು ಹನ್ನೆರಡು ಬೋರಿನದು ಎನ್ನುತ್ತಾರೆ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಗುಂಡುಗಳನ್ನು ಮಾಡಿದರೆ ಅದರಲ್ಲೊಂದು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ ಎಂದು ಅದರ ಅರ್ಥ. 1869ರಲ್ಲಿ ಸ್ಥಾಪನೆಯಾದ ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾಗುವ ಶಕ್ತಿಮಾನ್ ತೋಟಾ ದೇಶದ ಕೋವಿಗಾರರಿಗೆಲ್ಲ ಪರಿಚಿತ. ಹೊರಗಿನಿಂದ ಎಲ್ಲ ತೋಟಾ ಒಂದೇ ರೀತಿ ಕಂಡರೂ ಒಳಗಿನ ಚರೆ ಬೇರೆ ಬೇರೆ. ಅಂಕಿ ದೊಡ್ಡದಾದಷ್ಟೂ ಚರೆ ಸಣ್ಣದು. ಎಂಟರ ಚರೆ ಬುರ್ಲಿಯಂಥ ಸಣ್ಣ ಹಕ್ಕಿಗೆ, ನಾಲ್ಕರದು ಅದಕ್ಕಿಂತ ದೊಡ್ಡದಕ್ಕೆ. ಎಸ್‌ಜಿ, ಎಲ್‌ಜಿ ಎಂದು ಅಕ್ಷರದಲ್ಲಿ ಕರೆಯುವವು ದಪ್ಪ ಗುಂಡುಗಳು. ಒಂದು ತೋಟಾದಲ್ಲಿ ಕೆಲವೇ ಹಿಡಿಯುತ್ತವೆ. ಅಂದಮೇಲೆ ಗಿರಾಕಿ ಯಾವ ಚರೆ ಕೇಳುತ್ತಾನೆಂಬುದರಿಂದಲೇ ಅವನ ಮನಸ್ಸಿನಲ್ಲಿ ಯಾವ ಪ್ರಾಣಿಯಿದೆ ಎಂದು ಅನುಭವಿ ಗುಮಾಸ್ತ ಊಹಿಸಬಲ್ಲ. ಎಲ್‌ಜಿ ಕೇಳಿದವನು ಗುಬ್ಬಿ ಓಡಿಸಲು ಕೇಳುತ್ತಿಲ್ಲ.

ಚಳ್ಳಕೆರೆ ಸೀಮೆಯ ಮುಖ್ಯ ಬೆಳೆ ಶೇಂಗಾ. ಊರಿಗೆ ಎಣ್ಣೆ ನಗರವೆಂಬ ಹೆಸರು ತಂದದ್ದೂ ಅದೇ. ನೆಲದೊಳಗೆ ಕಾಯಿ ಕಟ್ಟುವ ಈ ಬೆಳೆಗೆ ಕಾಡುಹಂದಿಗಿಂತ ದೊಡ್ಡ ಶತ್ರುವಿಲ್ಲ. ಒಂದು ರಾತ್ರಿ ಹಿಂಡು ನುಗ್ಗಿದರೆ ಸಾಲಿಗೆ ಸಾಲೇ ಉತ್ತಂತೆ ಕಾಣುತ್ತದೆ. ಮಳೆಯನ್ನೇ ನಂಬಿದ, ಮಳೆ ಕಡಿಮೆಯ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ‘ಯಾತಕ್ಕೆ?’ ಎಂದರೆ ರೈತನ ಬಾಯಿಂದ ಬರುವ ಪ್ರಾಮಾಣಿಕ ಉತ್ತರ ‘ಹಂದಿಗೆ’.

ಆ ಉತ್ತರವೇ ತೊಡಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ ಕಾಡುಹಂದಿ ಇದೆ. ಮೊದಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳ ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಕೊಂದರೆ ಮಾತ್ರವಲ್ಲ, ಕೊಲ್ಲಲು ಯತ್ನಿಸಿದರೂ ಕಾಯ್ದೆಯ ಅರ್ಥದಲ್ಲಿ ಅದು ಬೇಟೆ. ನಿಂತ ಬೆಳೆಗೆ ಅಪಾಯ ಒಡ್ಡುವ ಪ್ರಾಣಿಯನ್ನು ಬೇಟೆಯಾಡಲು 11ನೇ ಕಲಮಿನಡಿ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು, ನಿಜ. ಆದರೆ ಹಂದಿ ಬರುವುದು ರಾತ್ರಿ, ಅನುಮತಿ ಬರುವುದು ಕಚೇರಿ ವೇಳೆಯಲ್ಲಿ. 2015ರ ಕೊನೆಗೆ ಬಿಹಾರದಲ್ಲೂ 2016ರಲ್ಲಿ ಉತ್ತರಾಖಂಡದಲ್ಲೂ ಕಾಡುಹಂದಿಯನ್ನು ಕೆಲವು ಪ್ರದೇಶಗಳಿಗೆ, ನಿರ್ದಿಷ್ಟ ಅವಧಿಗೆ ಉಪದ್ರವಿ ಪ್ರಾಣಿಯೆಂದು ಕೇಂದ್ರ ಸಾರಿತ್ತು. ಆಗ ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ.

ಹೀಗಾಗಿ ಒಂದು ಕಾಯ್ದೆ ಬೆಳೆ ಕಾಯಲೆಂದು ಕೋವಿ ಕೊಡುತ್ತದೆ, ಇನ್ನೊಂದು ಬೆಳೆ ತಿನ್ನುವ ಪ್ರಾಣಿಯನ್ನು ಕಾಯುತ್ತದೆ. ಇವೆರಡೂ ಎದುರುಬದುರಾಗುವ ಜಾಗ ಅಂಗಡಿಯ ಮೇಜು. ‘ಹಂದಿಗೆ’ ಎಂದರೆ ಗುಮಾಸ್ತನಿಗೆ ಅದು ಅಪರಾಧದ ಮುನ್ಸೂಚನೆ ಕೇಳಿಸಿದಂತೆ. ‘ಬೆಳೆ ರಕ್ಷಣೆಗೆ’ ಎಂದರೆ ಅದೇ ಮಾತು ಲೈಸೆನ್ಸಿನ ಭಾಷೆಗೆ ತಿರುಗಿ ಸಲೀಸಾಗುತ್ತದೆ. ಬಾಯಿ ತಪ್ಪಿದ ಗಿರಾಕಿಗೆ ‘ಬೆಳೆ ರಕ್ಷಣೆಗೆ ಅಂತ ಹೇಳು’ ಎಂದು ತಿದ್ದಿಕೊಡುವ ಗುಮಾಸ್ತ ಅವನನ್ನು ಗದರಿಸುತ್ತಿದ್ದಾನೋ ಉಳಿಸುತ್ತಿದ್ದಾನೋ ಹೇಳುವುದು ಕಷ್ಟ. ಮೃಗಗಳ ಪರವಾದ ಕಾನೂನು ತಪ್ಪೆನ್ನುವಂತೆಯೂ ಇಲ್ಲ. ಚಳ್ಳಕೆರೆಯ ಕಾವಲುಗಳ ಕೃಷ್ಣಮೃಗ, ಮೊಳಕಾಲ್ಮೂರು ಗುಡ್ಡಗಳ ಕರಡಿ ಇನ್ನೂ ಉಳಿದಿದ್ದರೆ ಅದರಲ್ಲಿ ಈ ಕಾಯ್ದೆಯ ಪಾಲಿದೆ. ಪ್ರಾಣಿಗಳ ವಿಷಯದಲ್ಲಿ ದಯೆಯಿರಲಿ ಎಂಬ ಆಜ್ಞೆ ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಕಾಲದಲ್ಲೇ ಕೆತ್ತಲ್ಪಟ್ಟಿದೆ. 1892ರಲ್ಲಿ ರೈಸ್ ಅದನ್ನು ಬೆಳಕಿಗೆ ತಂದ.

ಬೇಟೆಯ ಕೊನೆಯ ಬಾಗಿಲು ಮುಚ್ಚಿದ 1991ರಲ್ಲೇ ಇನ್ನೊಂದು ಸಂಗತಿಯೂ ನಡೆಯಿತು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕರ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಸಂಸತ್ತು ಸೇರಿಸಿತು. ಬೇಟೆಗಾರ ಎಂಬ ಹೆಸರಿಗೆ ಮಾನ್ಯತೆ, ಬೇಟೆಗೆ ನಿಷೇಧ, ಎರಡೂ ಒಂದೇ ವರ್ಷ ಬಂದವು. ಒಂದನ್ನು ಇನ್ನೊಂದರ ಜೊತೆಗಿಟ್ಟು ಆಗ ಯಾರೂ ನೋಡಿದಂತಿಲ್ಲ.

ಅಮೆರಿಕೆಯಲ್ಲಿ ನೆಲಸಿದ ಕನ್ನಡಿಗರು ಊರಿಗೆ ಬಂದಾಗ ಅಲ್ಲಿ ಹಾಲು, ಬ್ರೆಡ್ಡು ಮಾರುವ ಮಳಿಗೆಯಲ್ಲೇ ತೋಟಾ ಸಿಗುತ್ತದೆಂದು ಹೇಳಿ ಬೆರಗು ಹುಟ್ಟಿಸುವುದುಂಟು. ಅಲ್ಲಿ 1968ರ ಕಾಯ್ದೆ ತೋಟಾ ಮಾರಾಟವನ್ನು ವಹಿಯಲ್ಲಿ ಬರೆಯಬೇಕೆಂದಿತ್ತು. 1986ರಲ್ಲಿ ಬಹುಪಾಲು ಅದನ್ನು ಕೈಬಿಟ್ಟರು. ಆದರೂ ಪಿಸ್ತೂಲಿನ ತೋಟಾಕ್ಕೆ 21 ವರ್ಷ, ರೈಫಲ್ಲಿನದಕ್ಕೆ 18 ಎಂಬ ಭೇದವಿದೆ. ಎರಡಕ್ಕೂ ಹೊಂದುವ ತೋಟಾ ಕೇಳಿದ ಹುಡುಗನನ್ನು ‘ಯಾವುದಕ್ಕೆ?’ ಎಂದು ಅಲ್ಲಿನ ಗುಮಾಸ್ತನೂ ಕೇಳಬೇಕಾಗುತ್ತದೆ. ಅಲ್ಲಿಯೂ ಸರಿಯುತ್ತರ ತಿಳಿದವನಿಗೆ ಸರಕು ಸಿಗುತ್ತದೆ.

ನನ್ನಿವಾಳದ ಸುತ್ತಿನ ಹೊಲಗಳಲ್ಲಿ ಎಲ್ಲರ ಬಳಿಯೂ ಕೋವಿಯಿಲ್ಲ. ಇದ್ದವರೂ ಹೆಚ್ಚಾಗಿ ಗಾಳಿಗೆ ಹಾರಿಸಿ ಹೆದರಿಸುವವರೇ. ಉಳಿದವರು ಹೊಲದ ಸುತ್ತ ಹಳೆ ಸೀರೆ ಕಟ್ಟುತ್ತಾರೆ, ಡಬ್ಬ ಬಡಿಯುತ್ತಾರೆ, ಬೆಂಕಿ ಹಾಕಿಕೊಂಡು ಗುಡಿಸಲಲ್ಲಿ ಎಚ್ಚರವಿರುತ್ತಾರೆ. ಶೇಂಗಾ ಕೀಳುವ ಕಾಲಕ್ಕೆ ಸರಿಯಾಗಿ ದೀಪಾವಳಿಯೂ ಬರುವುದರಿಂದ ಪೇಟೆಗೆ ಹೋದವರು ಎರಡು ಕಟ್ಟು ದೊಡ್ಡ ಪಟಾಕಿಯನ್ನು ಹೆಚ್ಚಿಗೆ ತಂದಿಟ್ಟುಕೊಳ್ಳುತ್ತಾರೆ. ಪಟಾಕಿ ಅಂಗಡಿಯವನು ಯಾತಕ್ಕೆ ಎಂದು ಕೇಳುವುದಿಲ್ಲ.