ಡಿಎನ್‌ಎ ಗಡಿಯಾರ: ಎಣಿಸು, ತಿದ್ದು, ಭಾಗಿಸು

ಒಂದು ತಾಳೆಗರಿ ಕಾವ್ಯವನ್ನು ಇಬ್ಬರು ಲಿಪಿಕಾರರು ಬೇರೆ ಬೇರೆ ಊರಿನಲ್ಲಿ ಪ್ರತಿ ಮಾಡಿಕೊಂಡರು ಎನ್ನಿ. ಪ್ರತಿಯಿಂದ ಪ್ರತಿ ಇಳಿಯುತ್ತ ಹೋದಂತೆ ಎರಡೂ ಕಡೆ ಕೈತಪ್ಪುಗಳು ಸೇರಿಕೊಂಡವು. ಮೂಲ ಓಲೆ ಹುಳು ಹಿಡಿದು ಹೋಯಿತು. ಗ್ರಂಥ ಸಂಪಾದಕರ ಕೈಗೆ ಸಿಕ್ಕಿದ್ದು ಕೊನೆಯ ಎರಡು ಪ್ರತಿಗಳು, ಅವುಗಳ ನಡುವಿನ ಪಾಠಾಂತರಗಳು. ಜೀವವಿಕಾಸದ ಕಾಲವನ್ನು ಅಳೆಯುವವರ ಸ್ಥಿತಿಯೂ ಇದೇ. ಅವರ ಓಲೆ ಡಿಎನ್‌ಎ. ಅದರ ಲಿಪಿಯಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ.

ಎಣಿಸುವುದು

ಮೊದಲು ಎರಡು ಜೀವಿಗಳ ಡಿಎನ್‌ಎಯ ಸಮಾನ ಭಾಗಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಸಾಲಾಗಿ ಇಡಬೇಕು. ಒಂದು ಕಡೆ ಅಕ್ಷರ ಬಿಟ್ಟುಹೋಗಿದ್ದರೆ ಅಲ್ಲಿ ಜಾಗ ಖಾಲಿ ಬಿಡಬೇಕು. ಬಿಡದಿದ್ದರೆ ಮುಂದಿನ ಸಾಲೆಲ್ಲ ಜರುಗಿ, ಇಲ್ಲದ ವ್ಯತ್ಯಾಸಗಳೂ ಕಾಣತೊಡಗುತ್ತವೆ. 2005ರಲ್ಲಿ ಚಿಂಪಾಂಜಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಪ್ರಕಟವಾದಾಗ ಅದನ್ನು ಮನುಷ್ಯನ ಜೀನೋಮಿನ ಪಕ್ಕದಲ್ಲಿಟ್ಟು ಹೀಗೆ ನೋಡಿದರು. ಸುಮಾರು 3.5 ಕೋಟಿ ಕಡೆ ಒಂದೊಂದು ಅಕ್ಷರ ಬೇರೆಯಾಗಿತ್ತು. ಅಂದರೆ ನೂರು ಅಕ್ಷರಕ್ಕೆ ಸರಾಸರಿ 1.2.

ತಿದ್ದುವುದು

ಕಂಡಷ್ಟನ್ನು ಎಣಿಸಿದರೆ ಆದಷ್ಟನ್ನು ಎಣಿಸಿದಂತಾಗುವುದಿಲ್ಲ. ಒಂದೇ ಜಾಗದಲ್ಲಿ ಎ ಹೋಗಿ ಜಿ ಬಂದು, ಬಳಿಕ ಜಿ ಹೋಗಿ ಟಿ ಬಂದರೆ ಆದದ್ದು ಎರಡು ಬದಲಾವಣೆ, ಕಾಣುವುದು ಒಂದು. ಜಿ ಮತ್ತೆ ಎ ಆಗಿಬಿಟ್ಟರೆ ಏನೂ ಕಾಣುವುದಿಲ್ಲ. ಸಂಬಂಧವೇ ಇಲ್ಲದ ಎರಡು ಸಾಲುಗಳಲ್ಲೂ ನಾಲ್ಕರಲ್ಲೊಂದು ಅಕ್ಷರ ಆಕಸ್ಮಿಕವಾಗಿ ಕೂಡುತ್ತದೆ. ಹಾಗಾಗಿ ಎಷ್ಟೇ ಕಾಲ ಕಳೆದರೂ ಕಾಣುವ ವ್ಯತ್ಯಾಸ ಶೇ 75ರ ಆಚೆಗೆ ಹೋಗದು.

ಈ ಮರೆಯಾದ ಬದಲಾವಣೆಗಳನ್ನು ಅಂದಾಜಿಸಲು 1969ರಲ್ಲಿ ಜೂಕ್ಸ್ ಮತ್ತು ಕ್ಯಾಂಟರ್ ಎಂಬ ವಿಜ್ಞಾನಿಗಳು ಒಂದು ಸೂತ್ರ ಕೊಟ್ಟರು. ನೂರು ಅಕ್ಷರದಲ್ಲಿ 1 ವ್ಯತ್ಯಾಸ ಕಂಡರೆ ನಿಜವಾಗಿ ಆದದ್ದೂ ಹೆಚ್ಚುಕಡಿಮೆ 1. 10 ಕಂಡರೆ ಆದದ್ದು ಸುಮಾರು 10.7. 30 ಕಂಡರೆ 38. 50 ಕಂಡರೆ 82! ಹತ್ತಿರದ ನೆಂಟರಿಗೆ ತಿದ್ದುಪಡಿ ನೆಪಮಾತ್ರ, ದೂರದವರಿಗೆ ಅದೇ ಲೆಕ್ಕದ ಜೀವಾಳ. ಈ ಸೂತ್ರ ಎಲ್ಲ ಬದಲಾವಣೆಗಳೂ ಸಮಾನವಾಗಿ ಆಗುತ್ತವೆ ಎಂದು ನಂಬಿತ್ತು. ಎ ಮತ್ತು ಜಿ ನಡುವೆ, ಸಿ ಮತ್ತು ಟಿ ನಡುವೆ ಅದಲುಬದಲು ಹೆಚ್ಚು ಎಂಬುದನ್ನು ಜಪಾನಿನ ವಿಜ್ಞಾನಿ ಮೋಟೂ ಕಿಮುರಾ 1980ರಲ್ಲಿ ಲೆಕ್ಕಕ್ಕೆ ಸೇರಿಸಿದರು.

ಭಾಗಿಸುವುದು

ತಿದ್ದಿ ಪಡೆದ ವ್ಯತ್ಯಾಸವನ್ನು ಕಾಲದಿಂದ ಭಾಗಿಸಿದರೆ ಬದಲಾವಣೆಯ ವೇಗ, ಅಂದರೆ ಗಡಿಯಾರದ ನಡೆ, ಸಿಗುತ್ತದೆ. ಆದರೆ ಎರಡೂ ಊರಿನ ಲಿಪಿಕಾರರು ತಪ್ಪಿದ್ದಾರೆ, ಆದ್ದರಿಂದ ಕಾಲವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಕಾಲ ತಿಳಿಯುವುದು ಪಳೆಯುಳಿಕೆಗಳಿಂದ. 1962ರಲ್ಲಿ ಜುಕರ್‌ಕಾಂಡಲ್ ಮತ್ತು ಪೌಲಿಂಗ್ ಎಂಬ ವಿಜ್ಞಾನಿಗಳು ಈ ಲೆಕ್ಕವನ್ನು ಡಿಎನ್‌ಎಯ ಬರಹದಂತೆ ತಯಾರಾಗುವ ಪ್ರೋಟೀನಿನ ಮೇಲೆ ಮಾಡಿದ್ದರು. ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಿವೆ. ಮನುಷ್ಯನಿಗೂ ಕುದುರೆಗೂ ಅದರಲ್ಲಿ ಸುಮಾರು 18 ಬೇರೆ, ಅಂದರೆ ಒಂದೊಂದು ಕವಲಿಗೆ 9. ಇಬ್ಬರ ಪೂರ್ವಜ ಬದುಕಿದ್ದದ್ದು 10ರಿಂದ 16 ಕೋಟಿ ವರ್ಷಗಳ ಹಿಂದೆ ಎಂದು ಹಿಡಿದು, ಸರಾಸರಿ 1.45 ಕೋಟಿ ವರ್ಷಕ್ಕೊಂದು ಬದಲಾವಣೆ ಎಂದರು.

ಎಲ್ಲ ಪ್ರೋಟೀನುಗಳೂ ಇದೇ ವೇಗದಲ್ಲಿ ಬದಲಾಗುವುದಿಲ್ಲ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಚ್4ರ 102 ಅಮೈನೋ ಆಮ್ಲಗಳಲ್ಲಿ ಬಟಾಣಿಗೂ ಹಸುವಿಗೂ ಇರುವ ವ್ಯತ್ಯಾಸ ಎರಡೇ. ರಕ್ತ ಹೆಪ್ಪುಗಟ್ಟುವಾಗ ಕತ್ತರಿಸಿ ಹೋಗುವ ಫೈಬ್ರಿನೋಪೆಪ್ಟೈಡುಗಳಾದರೋ ಬಲು ಬೇಗ ಬದಲಾಗುತ್ತವೆ. ಕೆಲಸಕ್ಕೆ ಅನಿವಾರ್ಯವಾದ ಜಾಗದಲ್ಲಿ ತಪ್ಪಾದರೆ ಆ ಪ್ರತಿಯೇ ಉಳಿಯುವುದಿಲ್ಲ. ಅರ್ಥ ಕೆಡಿಸದ ತಪ್ಪು ಮಾತ್ರ ಸದ್ದಿಲ್ಲದೆ ಮುಂದಿನ ಪ್ರತಿಗೆ ದಾಟುತ್ತದೆ. ಅಣುಮಟ್ಟದ ಹೆಚ್ಚಿನ ಬದಲಾವಣೆಗಳು ಇಂಥ ತಟಸ್ಥ ಬದಲಾವಣೆಗಳೇ ಎಂದು ಕಿಮುರಾ 1968ರಲ್ಲಿ ವಾದಿಸಿದ್ದರು.

ಎರಡು ಗಡಿಯಾರ, ಎರಡು ಸಮಯ

ಈಗ ಪಳೆಯುಳಿಕೆಯ ಹಂಗಿಲ್ಲದೆಯೂ ವೇಗ ಅಳೆಯಬಹುದು. ಅಪ್ಪ, ಅಮ್ಮ, ಮಗು ಮೂವರ ಜೀನೋಮ್ ಓದಿ, ಮಗುವಿನಲ್ಲಿ ಹೊಸದಾಗಿ ಕಂಡ ಅಕ್ಷರಗಳನ್ನು ಎಣಿಸಿದರಾಯಿತು. 2012ರಲ್ಲಿ ಐಸ್‌ಲ್ಯಾಂಡಿನ 78 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಹೀಗೆ ನೋಡಿದಾಗ, ಒಂದು ತಲೆಮಾರಿಗೆ 100 ಕೋಟಿ ಅಕ್ಷರದಲ್ಲಿ ಸುಮಾರು 12 ಬದಲಾವಣೆ ಕಂಡವು. ತಲೆಮಾರಿಗೆ 25 ವರ್ಷ ಎಂದುಕೊಂಡರೆ ಅಷ್ಟೇ ಅಕ್ಷರಗಳಲ್ಲಿ ವರ್ಷಕ್ಕೆ ಸುಮಾರು ಅರ್ಧ ಬದಲಾವಣೆ.

ಚಿಂಪಾಂಜಿಯ ಜೊತೆಗಿನ ಆ ಶೇ 1.2 ವ್ಯತ್ಯಾಸವನ್ನು ಎರಡು ಕವಲುಗಳಿಗೆ ಸಮನಾಗಿ ಹಂಚಿ, ಈ ವೇಗದಿಂದ ಭಾಗಿಸಿದರೆ ಎರಡು ಸಾಲುಗಳು ಬೇರೆಯಾದದ್ದು ಸುಮಾರು 1.2 ಕೋಟಿ ವರ್ಷಗಳ ಹಿಂದೆ. ಪಳೆಯುಳಿಕೆಯ ನೆರವಿನಿಂದ ಪಡೆದ ಹಳೆಯ ವೇಗ ಇದರ ಇಮ್ಮಡಿ. ಅದರಿಂದ ಭಾಗಿಸಿದರೆ 60 ಲಕ್ಷ ವರ್ಷ! ಅಕ್ಷರಗಳ ಎಣಿಕೆಯಲ್ಲಿ ತಪ್ಪಿಲ್ಲ, ಬೇರೆಯಾದದ್ದು ವೇಗ. ಈ ಅಂತರದ ಒಂದು ಪಾಲು ಪೂರ್ವಜರ ಗುಂಪಿಗೆ ಸೇರಿದ್ದು. ಮನುಷ್ಯ, ಚಿಂಪಾಂಜಿಗಳ ಕವಲು ಒಡೆಯುವ ಮೊದಲೇ ಆ ಗುಂಪಿನೊಳಗೆ ಪಾಠಾಂತರಗಳಿದ್ದವು, ಆದ್ದರಿಂದ ಡಿಎನ್‌ಎ ಬೇರೆಯಾದ ಕಾಲ ಜೀವಿಗಳು ಬೇರೆಯಾದ ಕಾಲಕ್ಕಿಂತ ಹಿಂದಿನದು.

ಐಸ್‌ಲ್ಯಾಂಡಿನ ಲೆಕ್ಕ ಇನ್ನೊಂದನ್ನೂ ತೋರಿಸಿತು. ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದರೆ ಮಗುವಿಗೆ ಸುಮಾರು ಎರಡು ಹೊಸ ಬದಲಾವಣೆ ಹೆಚ್ಚು. 20ರಲ್ಲಿ ಅಪ್ಪನಾದವನಿಗಿಂತ 40ರಲ್ಲಿ ಅಪ್ಪನಾದವನು ಸುಮಾರು 40 ಹೊಸ ಪಾಠಾಂತರಗಳನ್ನು ಹೆಚ್ಚಾಗಿ ದಾಟಿಸುತ್ತಾನೆ. ಯಾವ ವಯಸ್ಸಿಗೆ ಮಕ್ಕಳಾಗುತ್ತಿದ್ದವು ಎಂಬುದು ಬದಲಾದರೆ ಈ ಗಡಿಯಾರದ ನಡೆಯೂ ಬದಲಾಗುತ್ತದೆ.