ಮುಷ್ಟಿಯುದ್ಧಪಟುಗಳ ಇಳಿಗಾಲದ ಸೋಲುಗಳು

ಮುಷ್ಟಿಯುದ್ಧ ಅಥವಾ ಬಾಕ್ಸಿಂಗ್ ಕ್ರೀಡೆಯಲ್ಲಿ ದೀರ್ಘಕಾಲ ಅಜೇಯರೆನಿಸಿಕೊಂಡ ಶ್ರೇಷ್ಠ ಪಟುಗಳು ವೃತ್ತಿಜೀವನದ ಕೊನೆಯ ವರ್ಷಗಳಲ್ಲಿ ಸಾಮಾನ್ಯ ಎದುರಾಳಿಗಳಿಗೂ ಸೋಲುವುದು ಮತ್ತೆ ಮತ್ತೆ ಕಂಡುಬರುವ ಸಂಗತಿಯಾಗಿದೆ. ಜೋ ಲೂಯಿಸ್, ಮುಹಮ್ಮದ್ ಅಲಿ, ಮೈಕ್ ಟೈಸನ್ ಮತ್ತು ರಾಯ್ ಜೋನ್ಸ್ ಜೂನಿಯರ್ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ವಯಸ್ಸು ಈ ಸೋಲುಗಳ ಮೂಲಕಾರಣವಾದರೂ ಅದೊಂದೇ ಕಾರಣವಲ್ಲ. ದೇಹದ ಕುಸಿತವನ್ನು ಅನುಭವವು ಕೆಲಕಾಲ ಮರೆಮಾಚುವುದು, ಪಟುವಿನ ಹೆಸರಿಗೆ ಇರುವ ಮಾರುಕಟ್ಟೆ ಹಾಗೂ ನಿವೃತ್ತಿಯನ್ನು ನಿರ್ಧರಿಸುವ ವ್ಯವಸ್ಥೆಯ ಕೊರತೆ ಇವು ಸೇರಿ ಪಟುವನ್ನು ಸಕಾಲದಲ್ಲಿ ಕಣದಿಂದ ಇಳಿಯಗೊಡುವುದಿಲ್ಲ.

ದೈಹಿಕ ಕಾರಣಗಳು

ಮುಷ್ಟಿಯುದ್ಧದಲ್ಲಿ ಒಂದು ಗುದ್ದು ತಲೆಗೆ ತಗಲುವುದೂ ತಪ್ಪುವುದೂ ಕ್ಷಣದ ಅಲ್ಪಭಾಗದಲ್ಲಿ ತೀರ್ಮಾನವಾಗುತ್ತದೆ. ಕಣ್ಣು ಕಂಡದ್ದಕ್ಕೆ ದೇಹವು ಪ್ರತಿಕ್ರಿಯಿಸುವ ವೇಗ ಯೌವನಾನಂತರ ನಿಧಾನವಾಗಿ ಇಳಿಯತೊಡಗುತ್ತದೆ. ದಿನನಿತ್ಯದ ಬದುಕಿನಲ್ಲಿ ಈ ವ್ಯತ್ಯಾಸ ಗಮನಕ್ಕೇ ಬಾರದು. ಕಣದಲ್ಲಾದರೋ ತಪ್ಪಿಸಿಕೊಳ್ಳಬಹುದಾಗಿದ್ದ ಗುದ್ದು ಅದೇ ಕಾರಣದಿಂದ ದವಡೆಗೆ ತಗಲುತ್ತದೆ. ವೇಗದ ಚಲನೆಗೆ ಬೇಕಾದ ಸ್ನಾಯುತಂತುಗಳು ಕ್ಷೀಣಿಸುತ್ತವೆ. ಕಾಲುಗಳ ಚುರುಕು ಮೊದಲು ಕುಗ್ಗುತ್ತದೆ. ಸುತ್ತುಗಳ ನಡುವಿನ ಒಂದು ನಿಮಿಷದ ವಿರಾಮದಲ್ಲಿ ಚೇತರಿಸಿಕೊಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ.

ಗುದ್ದಿನ ಬಲ ಮಾತ್ರ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ವೇಗವನ್ನೇ ಅವಲಂಬಿಸಿದ ಹಗುರ ತೂಕದ ಪಟುಗಳಿಗಿಂತ ಹೆವಿವೇಯ್ಟ್ ವಿಭಾಗದವರು ಸಾಮಾನ್ಯವಾಗಿ ಹೆಚ್ಚು ವಯಸ್ಸಿನವರೆಗೆ ಸ್ಪರ್ಧಿಸಬಲ್ಲರು.

ಬಹುತೇಕ ಇತರ ಕ್ರೀಡೆಗಳಲ್ಲಿ ಇಲ್ಲದ ಇನ್ನೊಂದು ಅಂಶ ಇಲ್ಲಿದೆ. ಪಟುವಿನ ದೇಹಕ್ಕೆ ವಯಸ್ಸಾಗುವುದು ವರ್ಷಗಳಿಂದ ಮಾತ್ರವಲ್ಲ, ತಿಂದ ಗುದ್ದುಗಳಿಂದಲೂ ಹೌದು. ಪಂದ್ಯಗಳಲ್ಲಿ ಬಿದ್ದ ಪೆಟ್ಟುಗಳ ಜೊತೆಗೆ, ಪ್ರೇಕ್ಷಕರು ಕಾಣದ ದೈನಂದಿನ ಅಭ್ಯಾಸದ ಕಾಳಗಗಳ ಪೆಟ್ಟುಗಳೂ ಸಂಚಯವಾಗುತ್ತವೆ. ಹಿಂದೆ ನಿಂತುಕೊಂಡು ಸಹಿಸಿದ್ದಂತಹ ಏಟಿಗೆ ಪಟು ಮುಂದೆ ನೆಲಕ್ಕುರುಳುತ್ತಾನೆ.

ಅನುಭವವೆಂಬ ಮರೆ

ಕುಸಿತವು ಕ್ರಮೇಣ ನಡೆದರೂ ಸೋಲು ಹಠಾತ್ತಾಗಿ ಬಂದಂತೆ ತೋರುತ್ತದೆ. ಶ್ರೇಷ್ಠ ಪಟುವು ಕಳೆದುಕೊಂಡ ವೇಗವನ್ನು ಅನುಭವದಿಂದ ತುಂಬಿಕೊಳ್ಳುವುದೇ ಇದಕ್ಕೆ ಕಾರಣ. ಎದುರಾಳಿಯ ಭುಜದ ಚಲನೆಯಿಂದಲೇ ಗುದ್ದನ್ನು ಊಹಿಸುವುದು, ಅಪ್ಪಿ ಹಿಡಿದು ಕಾಲಹರಣ ಮಾಡುವುದು, ಸುತ್ತಿನ ಕೊನೆಯ ಕ್ಷಣಗಳಲ್ಲಷ್ಟೇ ಆಕ್ರಮಿಸಿ ತೀರ್ಪುಗಾರರ ಗಮನ ಸೆಳೆಯುವುದು ಇಂತಹ ಉಪಾಯಗಳಿಂದ ಅವನು ಗೆಲ್ಲುತ್ತಲೇ ಹೋಗುತ್ತಾನೆ. ಗೆಲುವು ಮುಂದುವರಿಯುವ ತನಕ ಅವನಿಗಾಗಲಿ ಸುತ್ತಲಿನವರಿಗಾಗಲಿ ಕುಸಿತ ಗೋಚರಿಸುವುದಿಲ್ಲ. ಉಪಾಯಕ್ಕೆ ಮಣಿಯದ, ವೇಗವುಳ್ಳ ಯುವ ಎದುರಾಳಿ ಎದುರಾದ ದಿನ ಎಲ್ಲವೂ ಒಮ್ಮೆಗೇ ಬಯಲಾಗುತ್ತದೆ.

ಸಹಜ ಚುರುಕನ್ನೇ ನೆಚ್ಚಿದವರಿಗೆ ಈ ಮರೆಯೂ ದೊರೆಯದು. ರಾಯ್ ಜೋನ್ಸ್ ಜೂನಿಯರ್ ಕೈಗಳನ್ನು ಕೆಳಗಿಳಿಸಿಕೊಂಡು, ಕೇವಲ ಚುರುಕಿನಿಂದ ಗುದ್ದುಗಳನ್ನು ತಪ್ಪಿಸಿಕೊಳ್ಳುತ್ತಿದ್ದ ಪಟು. 2003ರ ಮಾರ್ಚ್‌ನಲ್ಲಿ ಜಾನ್ ರೂಯಿಜ್‌ನನ್ನು ಮಣಿಸಿ ಅವನು ಹೆವಿವೇಯ್ಟ್ ಪ್ರಶಸ್ತಿಯನ್ನೂ ಗೆದ್ದನು. ಮರುವರ್ಷ ಮೇ ತಿಂಗಳಲ್ಲಿ ಆಂಟೋನಿಯೋ ಟಾರ್ವರ್ ಅವನನ್ನು ಎರಡನೆಯ ಸುತ್ತಿನಲ್ಲೇ ನಾಕ್‌ಔಟ್ ಮಾಡಿದನು. ಅದಕ್ಕೆ ಮುನ್ನ ಅವನ ದಾಖಲೆಯಲ್ಲಿದ್ದ ಏಕೈಕ ಸೋಲು ಅನರ್ಹತೆಯಿಂದ ಬಂದದ್ದು.

ಹಣ ಮತ್ತು ಹೆಸರು

ವೃತ್ತಿಯ ಆರಂಭದಲ್ಲಿ ಉದಯೋನ್ಮುಖ ಪಟುವಿಗೆ ಅನುಕೂಲವಾದ ಎದುರಾಳಿಗಳನ್ನು ವ್ಯವಸ್ಥಾಪಕರು ಆರಿಸುತ್ತಾರೆ. ಇಳಿಗಾಲದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಹಿರಿಯ ಪಟುವಿನ ಹೆಸರೇ ಒಂದು ಸೊತ್ತು. ಅದನ್ನು ಸೋಲಿಸಿದವನಿಗೆ ಖ್ಯಾತಿ, ಪಂದ್ಯ ನಡೆಸುವವರಿಗೆ ಟಿಕೆಟ್ ಮಾರಾಟ, ಸೋತವನಿಗೂ ದೊಡ್ಡ ಸಂಭಾವನೆ. ಒಂದು ಕಾಲಕ್ಕೆ ಇತರರನ್ನು ಮೆಟ್ಟಿಲಾಗಿ ಬಳಸಿಕೊಂಡವನು ಈಗ ತಾನೇ ಮೆಟ್ಟಿಲಾಗುತ್ತಾನೆ. ಮೈಕ್ ಟೈಸನ್ 2003ರಲ್ಲಿ ದಿವಾಳಿತನ ಘೋಷಿಸಿಕೊಂಡ ಮೇಲೆಯೂ ಕಣಕ್ಕಿಳಿದು, 2004ರಲ್ಲಿ ಡ್ಯಾನಿ ವಿಲಿಯಮ್ಸ್‌ಗೂ 2005ರಲ್ಲಿ ಕೆವಿನ್ ಮೆಕ್‌ಬ್ರೈಡ್‌ಗೂ ಸೋತು ನಿವೃತ್ತನಾದನು.

ಪ್ರಮುಖ ನಿದರ್ಶನಗಳು

ಜೋ ಲೂಯಿಸ್ 1937ರಿಂದ 1949ರವರೆಗೆ ವಿಶ್ವ ಹೆವಿವೇಯ್ಟ್ ಚಾಂಪಿಯನ್ ಆಗಿದ್ದು, 25 ಬಾರಿ ಪ್ರಶಸ್ತಿಯನ್ನು ಉಳಿಸಿಕೊಂಡನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ಸೇನಾ ಪರಿಹಾರ ನಿಧಿಗಳಿಗೆ ನೀಡಿದ್ದ ಈತ, ಅಪಾರ ತೆರಿಗೆ ಬಾಕಿಯ ಕಾರಣ ನಿವೃತ್ತಿಯಿಂದ ಮರಳಬೇಕಾಯಿತು. 1950ರಲ್ಲಿ ಎಜರ್ಡ್ ಚಾರ್ಲ್ಸ್‌ಗೆ ಸೋತನು. 1951ರ ಅಕ್ಟೋಬರ್ 26ರಂದು ನ್ಯೂಯಾರ್ಕ್‌ನಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ರಾಕಿ ಮಾರ್ಸಿಯಾನೊ ಎದುರು ಎಂಟನೆಯ ಸುತ್ತಿನಲ್ಲಿ ಪರಾಭವಗೊಂಡನು. ಲೂಯಿಸ್‌ನ ಒಟ್ಟು ಮೂರು ಸೋಲುಗಳಲ್ಲಿ ಎರಡು ಈ ಮರುಪ್ರವೇಶದ ಕಾಲದವು.

ಮುಹಮ್ಮದ್ ಅಲಿ ತನ್ನ ವೃತ್ತಿಜೀವನದಲ್ಲಿ ಐದು ಪಂದ್ಯಗಳನ್ನು ಮಾತ್ರ ಸೋತನು. ಅವುಗಳಲ್ಲಿ ಮೂರು ಅವನ ಕೊನೆಯ ನಾಲ್ಕು ಪಂದ್ಯಗಳಲ್ಲಿ ಬಂದವು. 1978ರ ಫೆಬ್ರವರಿಯಲ್ಲಿ, ಕೆಲವೇ ವೃತ್ತಿಪರ ಪಂದ್ಯಗಳ ಅನುಭವವಿದ್ದ ಲಿಯಾನ್ ಸ್ಪಿಂಕ್ಸ್‌ಗೆ ಪ್ರಶಸ್ತಿ ಕಳೆದುಕೊಂಡು, ಅದೇ ಸೆಪ್ಟೆಂಬರ್‌ನಲ್ಲಿ ಮರಳಿ ಪಡೆದನು. ನಿವೃತ್ತಿಯ ನಂತರ ಹಿಂದಿರುಗಿ, 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್‌ನನ್ನು ಎದುರಿಸಿದನು. ಆಗ ಅಲಿಗೆ 38 ವರ್ಷ. ಥೈರಾಯ್ಡ್ ಔಷಧಿ ಸೇವಿಸಿ ತೂಕ ಇಳಿಸಿಕೊಂಡಿದ್ದ ಅವನು ನೋಡಲು ಯುವಕನಂತಿದ್ದರೂ ಶಕ್ತಿಗುಂದಿದ್ದನು. ಹೋಮ್ಸ್ ಹಿಂದೆ ಅಲಿಯ ಅಭ್ಯಾಸದ ಜೊತೆಗಾರನಾಗಿದ್ದು, ಅವನ ಪಟ್ಟುಗಳನ್ನೆಲ್ಲ ಬಲ್ಲವನು. ಹತ್ತು ಸುತ್ತುಗಳ ಬಳಿಕ ತರಬೇತುದಾರ ಆಂಜೆಲೋ ಡಂಡಿ ಪಂದ್ಯವನ್ನು ನಿಲ್ಲಿಸಿದನು. ಮರುವರ್ಷ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್‌ಗೆ ಸೋತದ್ದೇ ಅಲಿಯ ಕೊನೆಯ ಪಂದ್ಯ.

ಹೋಮ್ಸ್‌ನಿಗೂ ಅದೇ ಪಾಡು ಒದಗಿತು. 48 ಪಂದ್ಯಗಳನ್ನು ಸತತವಾಗಿ ಗೆದ್ದಿದ್ದ ಅವನು 1985ರಲ್ಲಿ ಮೈಕೆಲ್ ಸ್ಪಿಂಕ್ಸ್‌ಗೆ ಮೊದಲ ಬಾರಿ ಸೋತನು. 1988ರಲ್ಲಿ 21 ವರ್ಷದ ಟೈಸನ್ ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಉರುಳಿಸಿದನು.

ಭಾರತೀಯ ಪಟುಗಳು

ಆರು ಬಾರಿ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 29ರಂದು, ಕೊಲಂಬಿಯಾದ ಇಂಗ್ರಿತ್ ವೇಲೆನ್ಸಿಯಾ ಎದುರು 3–2 ತೀರ್ಪಿನಿಂದ ಸೋತರು. ಆಗ ಅವರ ವಯಸ್ಸು 38. ಅಂತರರಾಷ್ಟ್ರೀಯ ಹವ್ಯಾಸಿ ಸ್ಪರ್ಧೆಗಳಲ್ಲಿ 40 ವರ್ಷ ಮೀರಿದವರಿಗೆ ಅವಕಾಶವಿಲ್ಲದ ಕಾರಣ ಅದು ಅವರ ಕೊನೆಯ ಒಲಿಂಪಿಕ್ಸ್ ಆಯಿತು. ಬೀಜಿಂಗ್ ಒಲಿಂಪಿಕ್ಸ್‌ನ ಕಂಚಿನ ಪದಕ ವಿಜೇತ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾಗಿ 12 ಪಂದ್ಯಗಳನ್ನು ಸತತವಾಗಿ ಗೆದ್ದು, ದೀರ್ಘ ಬಿಡುವಿನ ಬಳಿಕ 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ರಷ್ಯಾದ ಆರ್ತಿಶ್ ಲೋಪ್ಸನ್‌ಗೆ ಮೊದಲ ಬಾರಿ ಸೋತರು.

ಕರ್ನಾಟಕದ ಪರಂಪರೆಯೊಂದಿಗೆ ಹೋಲಿಕೆ

ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ಕೈಗೆ ಮುಷ್ಟ್ಯಾಯುಧ ಧರಿಸಿ ಸೆಣಸುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಆಯುಧ ಕ್ರೂರವಾದರೂ ನಿಲ್ಲಿಸುವ ನಿಯಮ ಸ್ಪಷ್ಟವಾಗಿದೆ. ಹಳೆಯ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ವಯಸ್ಸಾದ ಪೈಲ್ವಾನನು ಉಸ್ತಾದನಾಗಿ ಹುಡುಗರಿಗೆ ಪಟ್ಟು ಕಲಿಸುವ ರೂಢಿಯಿದ್ದು, ಕಣದಿಂದ ಇಳಿದವನಿಗೂ ಗೌರವದ ಸ್ಥಾನವಿರುತ್ತದೆ.

ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಪಂದ್ಯದ ಕುದುರೆಗಳ ತಳಿಸಂವರ್ಧನೆಗೆ ಹೆಸರಾದುದು. ಶ್ರೇಷ್ಠ ಓಟದ ಕುದುರೆಯ ಬೆಲೆ ಅದರ ಸಂತಾನದಲ್ಲಿ ಅಡಗಿರುವುದರಿಂದ, ಮಾಲೀಕರು ಕೆಲವೇ ವರ್ಷಗಳಲ್ಲಿ ಅದನ್ನು ಓಟದಿಂದ ಬಿಡಿಸುತ್ತಾರೆ. ಮುಷ್ಟಿಯುದ್ಧಪಟುವಿನ ಬೆಲೆ ಅವನು ಕಣಕ್ಕಿಳಿದರೆ ಮಾತ್ರ. ಕುದುರೆಯ ನಿವೃತ್ತಿಯಿಂದ ಇತರರಿಗೆ ಲಾಭವುಂಟು. ಪಟುವಿನ ನಿವೃತ್ತಿಯಿಂದ ಅವನ ಸುತ್ತಲಿನ ಯಾರಿಗೂ ಲಾಭವಿಲ್ಲ.

ಅಪವಾದಗಳು

ಜಾರ್ಜ್ ಫೋರ್‌ಮನ್ 1994ರ ನವೆಂಬರ್‌ನಲ್ಲಿ, 45ನೆಯ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ನಾಕ್‌ಔಟ್ ಮಾಡಿ ಮತ್ತೆ ವಿಶ್ವ ಚಾಂಪಿಯನ್ ಆದನು. ಅಂಕಗಳಲ್ಲಿ ಹಿಂದಿದ್ದರೂ ಗುದ್ದಿನ ಬಲ ಅವನಲ್ಲಿ ಉಳಿದಿತ್ತು. ನಡುವೆ ಹತ್ತು ವರ್ಷ ಕಣದಿಂದ ದೂರವಿದ್ದುದರಿಂದ ಆ ಅವಧಿಯ ಪೆಟ್ಟುಗಳೂ ತಪ್ಪಿದ್ದವು. ರಕ್ಷಣಾಕೌಶಲಕ್ಕೆ ಹೆಸರಾದ ಬರ್ನಾರ್ಡ್ ಹಾಪ್ಕಿನ್ಸ್ 2011ರಲ್ಲಿ 46ನೆಯ ವಯಸ್ಸಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದನು. ಆದರೂ 2016ರಲ್ಲಿ ಜೋ ಸ್ಮಿತ್ ಜೂನಿಯರ್‌ನ ಗುದ್ದುಗಳಿಗೆ ಹಗ್ಗಗಳ ಆಚೆಗೆ ಬಿದ್ದುದೇ ಅವನ ಕೊನೆಯ ಪಂದ್ಯವಾಯಿತು. ರಾಕಿ ಮಾರ್ಸಿಯಾನೊ ಮಾತ್ರ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ, 32ನೆಯ ವಯಸ್ಸಿನಲ್ಲಿ, ನಿವೃತ್ತನಾದನು.

ಪರಿಣಾಮಗಳು ಮತ್ತು ನಿಯಂತ್ರಣ

ದಾಖಲೆಯಲ್ಲಿ ಕಾಣುವ ಸೋಲಿಗಿಂತ ಮಿದುಳಿಗೆ ಆಗುವ ಹಾನಿ ಗಂಭೀರವಾದುದು. ಪದೇ ಪದೇ ತಲೆಗೆ ಪೆಟ್ಟು ತಿಂದ ಪಟುಗಳಲ್ಲಿ ಕಂಡುಬರುವ ತೊದಲು ಮಾತು, ತಡವರಿಸುವ ನಡಿಗೆ ಮತ್ತು ಮರೆವುಗಳನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ವೈದ್ಯಕೀಯವಾಗಿ ವರ್ಣಿಸಿದ್ದನು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಲಕ್ಷಣಗಳಿರುವುದು ಪತ್ತೆಯಾಯಿತು. ಗುದ್ದುಗಳೇ ಅದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂಬ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ.

ವೃತ್ತಿಪರ ಮುಷ್ಟಿಯುದ್ಧದಲ್ಲಿ ಜಗತ್ತಿಗೆಲ್ಲ ಅನ್ವಯಿಸುವ ವಯೋಮಿತಿಯಿಲ್ಲ. ಒಂದು ಕಡೆ ಪರವಾನಗಿ ದೊರೆಯದಿದ್ದರೆ ಪಂದ್ಯವನ್ನು ಬೇರೆಡೆ ನಡೆಸಬಹುದು. ಹೋಮ್ಸ್ ಪಂದ್ಯಕ್ಕೆ ಮುನ್ನ ನಡೆದ ವೈದ್ಯಕೀಯ ತಪಾಸಣೆಯು ಅಲಿಯ ಚಲನೆಯಲ್ಲಿ ಸಣ್ಣ ದೋಷಗಳನ್ನು ಗುರುತಿಸಿದ್ದರೂ ಪರವಾನಗಿ ದೊರೆಯಿತು. ನಿರಂತರ ಮಿದುಳು ತಪಾಸಣೆ, ನಾಕ್‌ಔಟ್ ಬಳಿಕ ಕಡ್ಡಾಯ ವಿಶ್ರಾಂತಿ ಮತ್ತು ನಿವೃತ್ತರಿಗೆ ಪಿಂಚಣಿ ಇವು ವೈದ್ಯರು ಹಾಗೂ ಕ್ರೀಡಾಚಿಂತಕರು ಸೂಚಿಸುವ ಮುಖ್ಯ ಪರಿಹಾರಗಳು. ಇವುಗಳಲ್ಲಿ ಪಿಂಚಣಿಯೇ, ಹಣಕ್ಕಾಗಿ ಕಣಕ್ಕೆ ಮರಳುವ ಅನಿವಾರ್ಯತೆಯನ್ನು ನೇರವಾಗಿ ತಗ್ಗಿಸಬಲ್ಲದು.

ಇವನ್ನೂ ನೋಡಿ

ಮುಷ್ಟಿಯುದ್ಧ
ವಜ್ರಮುಷ್ಟಿ ಕಾಳಗ
ಮುಹಮ್ಮದ್ ಅಲಿ
ಮೇರಿ ಕೋಮ್
ಪಾರ್ಕಿನ್ಸನ್ ಕಾಯಿಲೆ